ಗಾಳಿ ಕಾಯುವ ಚಿಕ್ಕಮಾದಮ್ಮ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಕೊಳ್ಳೇಗಾಲದ ಒಂದು ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ ಐವತ್ತೆರಡು ವರ್ಷದ ಚಿಕ್ಕಮಾದಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ದೂರದಿಂದ ನೋಡಿದವರು ಸೂರ್ಯನಿಗೆ ಕೈ ಮುಗಿಯುತ್ತಿದ್ದಾರೆ ಎಂದುಕೊಳ್ಳಬೇಕು. ಹಾಗೇನಿಲ್ಲ, ಅವರು ಗಾಳಿ ಮೂಸುತ್ತಿದ್ದಾರೆ. ಮೂಡಲಿಗೆ ತಿರುಗಿ ಒಂದು ಉಸಿರು, ಪಡುವಲಿಗೆ ತಿರುಗಿ ಒಂದು ಉಸಿರು. ಕೊನೆಗೆ ಮೂಲೆಯಲ್ಲಿ ಗುರ್ ಎನ್ನುತ್ತಿರುವ ತಗಡಿನ ದೊಡ್ಡ ಯಂತ್ರದ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಇನ್ನೊಂದು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಫೋನು ತೆಗೆದು ಕೆಳಗಿನ ಮಹಡಿಗೆ ವರದಿ ಒಪ್ಪಿಸುತ್ತಾರೆ.

"ಪಡುವಲ ಗಾಳಿ ಸಾ. ರೇಸ್ಮೆ ಗೂಡು ಬೇಯ್ಸೋ ವಾಸ್ನೆ ವಸಿ ಅದೆ, ಅದು ಮಾಮೂಲಿ. ಇಂದ್ಲು ಬೀದೀಲಿ ಯಾರೋ ಈರುಳ್ಳಿ ಒಗ್ಗರಣೆ ಆಕವ್ರೆ. ಬಣ್ಣುದ್ದು, ಕಸ ಸುಟ್ಟುದ್ದು ಏನೂ ಇಲ್ಲ. ನೀವು ಕೆಲ್ಸ ಸುರು ಮಾಡ್ಬೌದು."

ಕೆಳಗೆ ಆ ಮಾತನ್ನು ಒಂದಕ್ಷರ ಬಿಡದೆ ಪುಸ್ತಕಕ್ಕೆ ಇಳಿಸುತ್ತಿರುವವರು ಬಸವಕುಮಾರ್. ಹನೂರಿನವರು, ಭ್ರೂಣ ತಜ್ಞರು. ಇದು ಮಕ್ಕಳಾಗದ ದಂಪತಿಗಳಿಗೆ ಚಿಕಿತ್ಸೆ ಕೊಡುವ ಪುಟ್ಟ ಕೇಂದ್ರ. ಹೆಸರು ಹಾಕುವುದು ಬೇಡ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಹೆಣ್ಣಿನ ಅಂಡವನ್ನೂ ಗಂಡಿನ ವೀರ್ಯಾಣುವನ್ನೂ ಇಲ್ಲಿನ ಲ್ಯಾಬಿನಲ್ಲಿ ಸೇರಿಸಿ, ಮೂಡಿದ ಭ್ರೂಣವನ್ನು ಐದು ದಿನ ಒಂದು ಪೆಟ್ಟಿಗೆಯಲ್ಲಿ ಬೆಳೆಸಿ, ಆಮೇಲೆ ತಾಯಿಯ ಗರ್ಭಕ್ಕೆ ದಾಟಿಸುತ್ತಾರೆ. ಆ ಪೆಟ್ಟಿಗೆಯನ್ನು ಡಾಕ್ಟರುಗಳು ಇನ್‌ಕ್ಯುಬೇಟರ್ ಎನ್ನುತ್ತಾರೆ. ಚಿಕ್ಕಮಾದಮ್ಮನ ಬಾಯಲ್ಲಿ ಅದು ಬರೀ ಪೆಟ್ಟಿಗೆ. ತಾರಸಿಯ ಯಂತ್ರ ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಆ ಲ್ಯಾಬಿಗೆ ಕಳಿಸುತ್ತದೆ. ಅಂದರೆ ಪೆಟ್ಟಿಗೆಯ ಸುತ್ತ ಆಡುವುದು ಚಿಕ್ಕಮಾದಮ್ಮ ಮೂಸಿ ಒಪ್ಪಿದ ಗಾಳಿ.

ಇವತ್ತು ಐದನೇ ದಿನ. ಪೆಟ್ಟಿಗೆಯೊಳಗೆ ಬಂಡಳ್ಳಿಯ ಪ್ರೇಮಾ ಮತ್ತು ರಾಜಣ್ಣ ದಂಪತಿಯ ಐದು ಭ್ರೂಣಗಳಿವೆ. ಎಂಟು ಗಂಟೆಗೆ ಬಸವಕುಮಾರ್ ತಟ್ಟೆಯನ್ನು ಹೊರಗೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಷ್ಟು ಉಳಿದಿವೆ ಎಂದು ಹೇಳಬೇಕು. ಪ್ರೇಮಾಗೆ ಮೂವತ್ತೇಳು ವರ್ಷ, ಇದು ಎರಡನೇ ಪ್ರಯತ್ನ, ಇನ್ನೊಮ್ಮೆ ಈ ಸೂಜಿ, ಈ ಮಾತ್ರೆ ತನ್ನಿಂದಾಗದು ಎಂದು ಅವರು ಹೇಳಿಬಿಟ್ಟಿದ್ದಾರೆ. ಮೊದಲ ಸಲ ಏಳು ಭ್ರೂಣ ಇದ್ದವು. ಏಳೂ ಉಳಿಯಲಿಲ್ಲ.

"ಆ ಏಳುವೆ ನನ್ ಕೈಯಾರೆ ಓದ್ವು," ಎನ್ನುತ್ತಾರೆ ಚಿಕ್ಕಮಾದಮ್ಮ. ಮಾತು ಮೆತ್ತಗಿದೆ, ಆದರೆ ಅದರಲ್ಲಿ ಅನುಮಾನ ಇಲ್ಲ. ನಿಮ್ಮಿಂದಲೇ ಎಂದು ಹೇಳಲು ಬರುವುದಿಲ್ಲ ಎಂದು ಬಸವಕುಮಾರ್ ನೂರು ಸಲ ಹೇಳಿದ್ದಾರೆ. ಅವರು ಒಪ್ಪಿಲ್ಲ. ಹೀಗಾಗಿ ಈ ಬೆಳಗಿನ ಎಂಟು ಗಂಟೆ ಪ್ರೇಮಾಗೆ ಎಷ್ಟು ದೂರವೋ ಚಿಕ್ಕಮಾದಮ್ಮನಿಗೂ ಅಷ್ಟೇ ದೂರ.

ಅವರು ಯಳಂದೂರು ಕಡೆಯ ಅಂಬಳೆಯ ಸೊಸೆ. ನಾಲ್ಕಕ್ಕೆ ಎದ್ದು, ಗಂಡ ಮಾರಯ್ಯನವರಿಗೆ ಮುದ್ದೆ ಸಾರು ಮಾಡಿಟ್ಟು, ಮೊದಲ ಬಸ್ಸು ಹಿಡಿಯುತ್ತಾರೆ. ಬಸ್ಸಿನಲ್ಲೂ ಅವರದು ಒಂದು ಶಾಸ್ತ್ರವಿದೆ. ಹೂವಿನ ಕುಕ್ಕೆಯವರ ಪಕ್ಕ ಕೂರುವುದಿಲ್ಲ, ಬೀಡಿಯವರ ಪಕ್ಕ ನಿಲ್ಲುವುದೂ ಇಲ್ಲ. ಡ್ರೈವರ್ ಬೆಳಿಗ್ಗೆ ಬೆಳಿಗ್ಗೆ ಊದುಬತ್ತಿ ಹಚ್ಚುವ ಭಕ್ತರಾದರೆ ಹಿಂದಿನ ಸೀಟಿಗೆ ಹೋಗಿ ಕಿಟಕಿಗೆ ಮುಖ ಕೊಟ್ಟುಬಿಡುತ್ತಾರೆ. ಕೊಳ್ಳೇಗಾಲಕ್ಕೆ ಬಂದ ಮೇಲೆ ಕೇಂದ್ರದ ನೆಲಮಹಡಿಯ ಬಚ್ಚಲಲ್ಲಿ ಮತ್ತೊಮ್ಮೆ ತಲೆಗೂ ಸೇರಿಸಿ ಸ್ನಾನ. ಕೊಡುವ ಸೋಪಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. "ಮಣ್ಣು ಉಜ್ಕಂಡಂಗಿರ್ತದೆ," ಎಂದು ನಗುತ್ತಾರೆ. ಉಟ್ಟ ಸೀರೆ ಅಲ್ಲೇ ಬಿಚ್ಚಿಟ್ಟು ಲ್ಯಾಬಿನ ನೀಲಿ ಬಟ್ಟೆ ತೊಡುತ್ತಾರೆ.

ತಲೆಗೆ ಕೊಬ್ಬರಿ ಎಣ್ಣೆ ಇಲ್ಲ, ಮುಖಕ್ಕೆ ಅರಿಸಿನ ಇಲ್ಲ, ಮುಡಿಗೆ ಹೂವಿಲ್ಲ. ಒಂಬತ್ತು ವರ್ಷದಿಂದ ಇದೇ ವ್ರತ. ಗಂಡ ಗುಂಡುಕಲ್ಲಿನ ಹಾಗೆ ಇರುವಾಗ ಇವಳೇಕೆ ಬೋಳುತಲೆಯಲ್ಲಿ ತಿರುಗುತ್ತಾಳೆ ಎಂದು ಓಣಿಯ ಹೆಂಗಸರು ಮೊದಮೊದಲು ಕೊಂಕು ತೆಗೆದರಂತೆ. ಮಾರಯ್ಯನವರೇ ಜಗುಲಿಯ ಮೇಲೆ ಕೂತು ಜವಾಬು ಕೊಟ್ಟರು: "ನಾನ್ ಬದ್ಕಿರೋದ ನಿಮ್ಗೆ ತೋರ್ಸಕ್ಕೆ ಅವ್ಳ್ ಊವ ಮುಡೀಬೇಕಾ? ಇಲ್ಲೇ ಕುಂತಿವ್ನಲ್ಲ, ನೋಡ್ಕಳಿ." ಅಲ್ಲಿಗೆ ಆ ಮಾತು ನಿಂತಿತು.

ಚಿಕ್ಕಮಾದಮ್ಮ ಇದನ್ನೆಲ್ಲ ಕಲಿತದ್ದು ಆಸ್ಪತ್ರೆಯಲ್ಲಿ ಅಲ್ಲ. ಅದಕ್ಕೂ ಮೊದಲು ಹದಿನೆಂಟು ವರ್ಷ ಅವರು ಒಂದು ಚಾಕಿ ಮನೆಯಲ್ಲಿ ದುಡಿದವರು. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗಿನಿಂದ ಹತ್ತು ದಿನದ ಎಳೆತನ ಕಳೆಯುವ ತನಕ ಸಾಕಿ ರೈತರಿಗೆ ಕೊಡುವ ಜಾಗ ಅದು. ಆಗಷ್ಟೇ ಹುಟ್ಟಿದ ಹುಳು ಕಪ್ಪು ಇರುವೆಗಿಂತ ಸಣ್ಣ. ಬಿಸಿ ಇಷ್ಟೇ ಇರಬೇಕು, ತೇವ ಇಷ್ಟೇ ಇರಬೇಕು, ಬೆಳಕು ಹೆಚ್ಚಾಗಬಾರದು, ಕೈಕಾಲು ತೊಳೆಯದೆ ಯಾರೂ ಒಳಗೆ ಬರಬಾರದು. "ಬೀಡಿ ಸೇದಿದ್ ಕೈಲಿ ಸೊಪ್ಪು ಮುಟ್ಟುದ್ರೆ ಸಾಕು, ವತ್ತಾರೆಗೆ ತಟ್ಟೆ ತಟ್ಟೇನೇ ಮಲಗ್ಬುಡ್ತಿದ್ವು. ಸಣ್ಣ್ ಜೀವಕ್ಕೆ ನಮ್ ಚಟ ಗೊತ್ತಾಯ್ತದಾ?" ಎಂದು ಕೇಳುತ್ತಾರೆ. ಚಾಕಿ ಮನೆಯ ಯಜಮಾನರು ಕಬ್ಬಿಗೆ ತಿರುಗಿ ಮನೆ ಮುಚ್ಚಿದಾಗ ಯಾರೋ ಹೇಳಿ ಈ ಕೇಂದ್ರದಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು.

ಸೇರಿದ ಎರಡನೇ ವಾರ ಲ್ಯಾಬಿಗೆ ಹೊಸ ಬೀರು ಬಂತು. ಚಿಕ್ಕಮಾದಮ್ಮ ಬಾಗಿಲಲ್ಲೇ ನಿಂತು ಮೂಗು ಮುರಿದರು. "ಸಾ, ಈ ಬೀರು ಗಮಲು ಒಡೀತದೆ. ನಿಮ್ ಮರಿಗೋಳ್ಗೆ ಆಯ್ತದಾ ಇದು?" ಎಂದರು. ಬಸವಕುಮಾರ್ ನಕ್ಕರು. ಮನೆಗೆ ಹೋಗಿ ಊಟಕ್ಕೆ ಕೂತಾಗ ಅವರ ತುತ್ತು ಅರ್ಧಕ್ಕೆ ನಿಂತಿತು. ಹೊಸ ಹಲಗೆಯ ಅಂಟು ವಾರಗಟ್ಟಲೆ ಆವಿ ಬಿಡುತ್ತದೆ, ಅದು ಭ್ರೂಣಕ್ಕೆ ಕೆಟ್ಟದ್ದು ಎಂದು ಅವರು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದರು. ಮರುದಿನ ಬೀರು ಹೊರಗೆ ಹೋಯಿತು, ಕಸ ಗುಡಿಸುವವರು ಲ್ಯಾಬಿನೊಳಗೆ ಬಂದರು.

"ಹೆಣ್ಣಿನ ಒಡಲು ಏನೇನು ಮಾಡುತ್ತೋ ಅದನ್ನೆಲ್ಲ ನಮ್ಮ ಪೆಟ್ಟಿಗೆ ಮಾಡಬೇಕು," ಎಂದು ಬಸವಕುಮಾರ್ ವಿವರಿಸುತ್ತಾರೆ. "ಬಿಸಿ ಮೂವತ್ತೇಳು ಡಿಗ್ರಿ. ಆಮ್ಲಜನಕ ಹೊರಗಿನ ಗಾಳಿಯಲ್ಲಿರೋದರ ಕಾಲು ಭಾಗ ಸಾಕು. ಬೆಳಕು ಆದಷ್ಟೂ ಕಡಿಮೆ. ಬಾಗಿಲು ಸುಮ್ಮಸುಮ್ಮನೆ ತೆಗೆದರೆ ಎಲ್ಲ ಏರುಪೇರು. ಇನ್ನು ಹೊಗೆ, ಸೆಂಟು, ಬಣ್ಣ. ನಾವು ನೀವಾದರೆ ಕೆಮ್ಮಿ ಸುಧಾರಿಸ್ಕೋತೀವಿ. ಅದಕ್ಕೆ ಕೆಮ್ಮೋಕ್ಕೂ ಬರಲ್ಲ." ಕೇಂದ್ರದ ಮುಖ್ಯಸ್ಥೆ ಡಾ. ಯಶೋದ ತಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಮಲ್ಲಿಗೆ ಮುಡಿದು ಮೇಲೆ ಬಂದಾಗ ಚಿಕ್ಕಮಾದಮ್ಮ ಮೆಟ್ಟಿಲಲ್ಲೇ ತಡೆದು, "ಚೆಂದಾಗಿದೀರಿ ಮೇಡಮ್ಮಾರೆ, ಕೆಳಿಕ್ಕೋಗಿ," ಎಂದಿದ್ದರು. ಡಾಕ್ಟರು ಇಳಿದು ಹೋಗಿ ಹೂವು ತೆಗೆದಿಟ್ಟು ಬಂದರು.

ದಿನಕ್ಕೆ ಐದು ಸಲ ಪೆಟ್ಟಿಗೆಯ ಬಿಸಿ ನೋಡುವುದು, ಎರಡು ಸಲ ಗ್ಯಾಸ್ ಸಿಲಿಂಡರಿನ ಮುಳ್ಳು ನೋಡುವುದು, ನೆಲ ಗೋಡೆ ಒರೆಸುವುದು, ತಾರಸಿಯ ಯಂತ್ರದ ಬಾಯಿ ತೊಳೆಯುವುದು, ಒಳಗೆ ಬರುವ ಪ್ರತಿಯೊಬ್ಬರನ್ನೂ ಮೂಸುವುದು. ಇಷ್ಟು ಅವರ ಕೆಲಸ. ಅಂಕಿ ಬರೆಯಲು ಬರುತ್ತದೆ, ಅಕ್ಷರ ಅಷ್ಟಕ್ಕಷ್ಟೆ. ಹಾಗಾಗಿ ಮೂಗಿನ ವರದಿ ಬಾಯಲ್ಲೇ.

ಇಷ್ಟು ಕಟ್ಟುನಿಟ್ಟಿನ ಹೆಂಗಸು ತಪ್ಪಿದ್ದು ಎಲ್ಲಿ? ಒಂದು ಆಯುಧಪೂಜೆಯ ದಿನ.

ಎರಡು ವರ್ಷದ ಹಿಂದಿನ ಮಾತು. ಬೆಳಿಗ್ಗೆಯಿಂದ ಕೇಂದ್ರದಲ್ಲಿ ಸಡಗರ. ವ್ಯಾನಿಗೆ ಬಾಳೆಕಂದು, ಜನರೇಟರಿಗೆ ಚೆಂಡು ಹೂವಿನ ಹಾರ, ಸ್ಕ್ಯಾನಿಂಗ್ ಯಂತ್ರಕ್ಕೆ ಕುಂಕುಮ, ಗೇಟಿನ ಮುಂದೆ ಬೂದುಗುಂಬಳಕಾಯಿ. ಲ್ಯಾಬಿಗೂ ಒಂದು ಆರತಿ ಎತ್ತೋಣ ಎಂದು ಬಂದವರನ್ನು ಚಿಕ್ಕಮಾದಮ್ಮ ಎರಡೂ ಕೈ ಚಾಚಿ ಅಡ್ಡಗಟ್ಟಿದರು. ಒಳಗೆ ಬಂಡಳ್ಳಿಯ ಪ್ರೇಮಾರ ಏಳು ಭ್ರೂಣಗಳಿಗೆ ಅವತ್ತು ಎರಡನೇ ದಿನ. "ಒಂದು ಕುಂಕುಮದ್ ಚುಕ್ಕೀನೂ ಒಳಿಕೆ ಓಗ್ಕೂಡ್ದು" ಎಂದು ಎಲ್ಲರನ್ನೂ ಓಡಿಸಿದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು.

ಮಧ್ಯಾಹ್ನ ಎಲ್ಲರೂ ಕಡಲೆಪುರಿ ಕಟ್ಟಿಕೊಂಡು ಮನೆಗೆ ಹೋದರು. ಚಿಕ್ಕಮಾದಮ್ಮ ಒರೆಸುವ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಮೂಲೆಯ ಯಂತ್ರ ಕಣ್ಣಿಗೆ ಬಿತ್ತು. ಅದಕ್ಕೆ ಯಾರೂ ಒಂದು ಎಸಳು ಹೂವನ್ನೂ ಇಟ್ಟಿರಲಿಲ್ಲ. "ಅಗ್ಲೂ ರಾತ್ರಿ ದುಡಿಯೋದು ಅದೇ ಅಲ್ವಾ? ಎಂದೋ ಒಂದಿನ ಓಡೋ ಜನರೇಟ್ರಿಗೆ ಆರ ಆಕವ್ರೆ, ಇದ್ಕೆ ಏನೂ ಇಲ್ಲ. ಒಟ್ಟೆ ಉರದೋಯ್ತು ನಂಗೆ," ಎನ್ನುತ್ತಾರೆ. ಯಂತ್ರವನ್ನು ತೊಳೆದರು. ಮೂರು ಗೆರೆ ವಿಭೂತಿ ಎಳೆದರು. ಉಳಿದಿದ್ದ ಹಾರ ಹಾಕಿದರು. ಧೂಪದ ತಟ್ಟೆಗೆ ಕೆಂಡ ಹಾಕಿ, ಮೇಲೊಂದು ಹಿಡಿ ಸಾಂಬ್ರಾಣಿ ಸುರಿದು, ಹಸುವಿನ ಮುಂದೆ ಹುಲ್ಲಿಡುವಂತೆ ಯಂತ್ರದ ಬಾಯಿಗೆ ನೇರವಾಗಿ ಇಟ್ಟು ಕೈ ಮುಗಿದರು. ಲ್ಯಾಬಿನೊಳಗೆ ಹೊಗೆ ಹೋಗಬಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಬು ಉಸಿರೆಳೆಯುವುದೇ ಆ ಬಾಯಿಂದ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನು ತೊಳೆಯಲು ಹೇಳಿದ್ದರು, ಅಷ್ಟೆ.

"ಒಗೆ ಒಂಚೂರೂ ಆಚೀಚೆ ಓಗ್ನಿಲ್ಲ ಕಣ್ರಿ. ಎಲ್ಲಾನೂ ಸುರ್ ಅಂತ ಒಳಿಕೇ ಎಳ್ಕಂತು. ಪೂಜೆ ಒಪ್ಕತ್ತು ಅನ್ಕಂಡೆ ನಾನು. ಕಣ್ಣಲ್ಲಿ ನೀರು ಬಂತು."

ಈ ಮಾತು ಕೇಳಿದವರಿಗೆ ನಗು ಬರುತ್ತದೆ. ಮುಂದಿನದು ಕೇಳುವ ತನಕ ಮಾತ್ರ.

ಮೂರನೇ ದಿನ ಬಸವಕುಮಾರ್ ನೋಡಿದಾಗ ಏಳರಲ್ಲಿ ನಾಲ್ಕು ಬೆಳವಣಿಗೆಯಲ್ಲಿ ಕುಂಟುತ್ತಿದ್ದವು. ಐದನೇ ದಿನ ಒಂದೂ ಬೆಳೆದಿರಲಿಲ್ಲ. ಪ್ರೇಮಾ ಅವತ್ತು ಹೊಸ ಸೀರೆ ಉಟ್ಟು ಬಂದಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಡಾ. ಯಶೋದ ಹೇಳಿದ್ದನ್ನು ಕೇಳಿ, ಬಂದ ಬಸ್ಸಿಗೇ ವಾಪಸು ಹೋದರು. ಬಸವಕುಮಾರ್ ಕಾರಣ ಹುಡುಕಲು ಕೂತರು. ಬಿಸಿಯ ದಾಖಲೆ ಸರಿ ಇತ್ತು, ಗ್ಯಾಸ್ ಸರಿ ಇತ್ತು, ಭ್ರೂಣ ಬೆಳೆಸುವ ದ್ರಾವಣವೂ ಸರಿ ಇತ್ತು. ವಾರ ಕಳೆದರೂ ಬಗೆಹರಿಯಲಿಲ್ಲ.

ಪೂಜೆಯಾದ ಹನ್ನೊಂದನೆಯ ದಿನ ಚಿಕ್ಕಮಾದಮ್ಮ ಯಂತ್ರದ ಬಾಯಿಯ ಜಾಲರಿ ತೊಳೆಯಲು ಹೋದರು. ಜಾಲರಿಗೆ ಅಂಟು ಅಂಟಾಗಿ ಮಸಿ ಹಿಡಿದಿತ್ತು. ಬೆರಳಿಗೆ ಹಚ್ಚಿ ಮೂಸಿದರು. ಸಾಂಬ್ರಾಣಿ. ಜಾಲರಿಯ ಹಿಂದೆ ಕೊಳವೆ ಎತ್ತ ಹೋಗಿದೆ ಎಂದು ಮೊದಲ ಸಲ ಕಣ್ಣಿಟ್ಟು ನೋಡಿದರು. ಅದು ಗೋಡೆ ಇಳಿದು ನೇರ ಎರಡನೇ ಮಹಡಿಗೆ ಹೋಗಿತ್ತು. "ಅಲ್ಲೇ ಕುಂತ್ಬುಟ್ಟೆ."

ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಒಂದು ಸಲ ಒರೆಸಿದ್ದರೆ ಲೋಕಕ್ಕೆ ಗೊತ್ತಾಗುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಹೆಗಲು ಮುಟ್ಟಿ ನೋಡಿಕೊಳ್ಳುವ ಅಗತ್ಯವೂ ಇರಲಿಲ್ಲ. ಚಿಕ್ಕಮಾದಮ್ಮ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕೆಳಗಿಳಿದು ಬಂದು ಲ್ಯಾಬಿನ ಬಾಗಿಲು ತಟ್ಟಿದರು.

"ಸಾ, ಬೇಲೀನೇ ಎದ್ದು ಒಲ ಮೇದದೆ. ಮ್ಯಾಲಕ್ ಬನ್ನಿ."

ಅವತ್ತಿನದನ್ನು ಬಸವಕುಮಾರ್ ಅಳೆದು ತೂಗಿ ಹೇಳುತ್ತಾರೆ. "ಭ್ರೂಣ ಬೆಳೆಯದೆ ಇರೋಕೆ ಹತ್ತು ಕಾರಣ ಇರುತ್ತೆ. ಹೊಗೆಯೇ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲ, ಇರಲಾರದು ಅಂತಲೂ ಹೇಳೋಕಾಗಲ್ಲ. ಆದರೆ ಅವತ್ತು ಅವರು ಹೇಳದೆ ಇದ್ದಿದ್ರೆ ಮಾರನೇ ವರ್ಷದ ಆಯುಧಪೂಜೆಗೂ ಇದೇ ಆಗ್ತಿತ್ತು. ಮತ್ತೆ, ಆ ಕೊಳವೆ ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ಹೇಳದೆ ಇದ್ದಿದ್ದು ನಾನು. ಅದನ್ನೂ ಬರೀರಿ," ಎನ್ನುತ್ತಾರೆ.

ಕೆಲಸದಿಂದ ತೆಗೆಯಬೇಕು ಎಂದ ಪಾಲುದಾರರಿಗೆ ಡಾ. ಯಶೋದ ಒಂದೇ ಮಾತು ಹೇಳಿದರಂತೆ: ನಿಜ ಹೇಳಿದವರನ್ನು ಕಳಿಸಿದರೆ ಉಳಿಯುವವರು ಸುಳ್ಳು ಹೇಳುವವರು. ಕೊಳವೆಗೆ ಹೊಗೆ ಹೀರುವ ಇನ್ನೊಂದು ಸೋಸುಕ ಬಂತು, ತಾರಸಿಗೆ ಬೀಗ ಬಂತು, ಬೀಗದ ಕೈ ಚಿಕ್ಕಮಾದಮ್ಮನ ಸೊಂಟಕ್ಕೆ ಬಂತು, ಬೆಳಿಗ್ಗೆ ತಾರಸಿಯಲ್ಲಿ ಗಾಳಿ ಮೂಸುವ ಕೆಲಸವೂ ಆಗಲೇ ಶುರುವಾಯಿತು. ಡಾಕ್ಟರು ಬಂಡಳ್ಳಿಗೆ ತಾವೇ ಹೋಗಿ ಪ್ರೇಮಾ ದಂಪತಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಇನ್ನೊಮ್ಮೆ ಬಂದರೆ ಪೂರ್ತಿ ಹೊಣೆ ನಮ್ಮದು ಎಂದೂ ಹೇಳಿದರು. ಜೊತೆಗೆ ಹೋಗಿದ್ದ ಚಿಕ್ಕಮಾದಮ್ಮ ಅಂಗಳದಲ್ಲೇ ನಿಂತಿದ್ದರು. ರಾಜಣ್ಣ ಬಾಯಿಗೆ ಬಂದ ಹಾಗೆ ಬೈದರು. ಪ್ರೇಮಾ ಒಳಗಿನಿಂದ ಹೊರಗೇ ಬರಲಿಲ್ಲ.

ಒಂದು ವರ್ಷ ಅತ್ತ ಕಡೆಯ ಸುದ್ದಿ ಇಲ್ಲ. ಆಮೇಲೊಂದು ದಿನ ಪ್ರೇಮಾ ಒಬ್ಬರೇ ಬಂದರು. ಎರಡನೇ ಸಲಕ್ಕೆ ಒಪ್ಪಿಗೆ, ಆದರೆ ಒಂದು ಷರತ್ತು ಎಂದರು. ಇನ್ನೇನು, ಆ ಹೆಂಗಸು ಲ್ಯಾಬಿನ ಹತ್ತಿರ ಸುಳಿಯಬಾರದು ಎನ್ನುತ್ತಾರೆ ಎಂದು ಡಾಕ್ಟರು ಮನಸ್ಸು ಗಟ್ಟಿ ಮಾಡಿಕೊಂಡರು. ಪ್ರೇಮಾ ಹೇಳಿದ್ದು ಬೇರೆ.

"ಆ ಅಕ್ಕನೇ ಕಾಯ್ಬೇಕು. ಬ್ಯಾರೆಯೋರು ಬ್ಯಾಡ. ಒಂದ್ಸಲ ಕೈ ಸುಟ್ಕಂಡೋರು ಒಲೆ ತಾವು ಉಸಾರಾಗಿರ್ತಾರೆ."

ಈ ಐದು ದಿನ ಚಿಕ್ಕಮಾದಮ್ಮ ಊರಿಗೆ ಹೋಗಿಲ್ಲ. ನೆಲಮಹಡಿಯ ಒಂದು ಕೋಣೆಯಲ್ಲೇ ಚಾಪೆ ಹಾಕಿಕೊಂಡಿದ್ದಾರೆ. ಮಾರಯ್ಯನವರು ಎರಡು ಸಲ ಬುತ್ತಿ ತಂದು ಗೇಟಿನಲ್ಲಿ ಕೊಟ್ಟು ಹೋಗಿದ್ದಾರೆ.

ಎರಡನೇ ದಿನದ ಬೆಳಿಗ್ಗೆ ತಾರಸಿಯಲ್ಲಿ ನಿಂತವರಿಗೆ ಮೂಗಿಗೆ ಬಡಿದದ್ದು ಬಾಗಿಲಿಗೆ ಹಚ್ಚುವ ವಾರ್ನಿಷಿನ ವಾಸನೆ. ಪಕ್ಕದ ಮನೆ ಚಿಕ್ಕಸಿದ್ದಯ್ಯನವರದು. ಮಗಳ ಮದುವೆಗೆ ಇನ್ನು ಆರು ದಿನ. ಮನೆ ತುಂಬ ಕೆಲಸಗಾರರು. ಚಿಕ್ಕಮಾದಮ್ಮ ಬಸವಕುಮಾರ್‌ಗೆ ಹೇಳಿ ಯಂತ್ರದ ಹೊರಬಾಯಿ ಮುಚ್ಚಿಸಿ, ನೇರ ಪಕ್ಕದ ಮನೆಗೆ ಹೋದರು.

"ಮೂರ್ ದಿನ ಬಾಗ್ಲು ಹಚ್ಬೇಡಿ ಯಜಮಾನ್ರೆ."

"ಮದ್ವೆ ಮನೆ ಕಣಮ್ಮ! ನಿಮ್ ಆಸ್ಪತ್ರೆಗೂ ನನ್ ಬಾಗ್ಲಿಗೂ ಏನ್ ಸಂಬಂಧ?"

ಕೆಲಸಗಾರರು ನಗುತ್ತಿದ್ದರು. ಚಿಕ್ಕಮಾದಮ್ಮ ಅಲ್ಲೇ ನಿಂತು, ಅಷ್ಟು ಜನದ ಮುಂದೆ, ಸಾಂಬ್ರಾಣಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ತಾನು ಮಾಡಿದ್ದೇನು, ಅದರಿಂದ ಹೋದದ್ದೇನು, ಈಗ ಒಳಗಿರುವುದು ಯಾರದು ಎಂದು. ಪ್ರೇಮಾರ ಹೆಸರು ಮಾತ್ರ ಎತ್ತಲಿಲ್ಲ. "ನನ್ ತಪ್ಪಿಗೆ ನಿಮ್ ಮಗಳ್ ಮದ್ವೆಗೆ ಅಡ್ಡ ಬತ್ತಾ ಇವ್ನಿ. ಬಯ್ಯಂಗಿದ್ರೆ ಬಯ್ರಿ. ಮೂರ್ ದಿನ ಬುಟ್ಬುಡಿ," ಎಂದರು. ಚಿಕ್ಕಸಿದ್ದಯ್ಯ ತಲೆ ಕೆರೆದುಕೊಂಡು, "ಲೇ, ಡಬ್ಬ ಮುಚ್ರಲಾ," ಎಂದು ಕೂಗಿದರು. ಬಾಗಿಲುಗಳು ಹಾಗೇ ನಿಂತವು. "ನಮ್ ಬೀಗ್ರು ಬಾಗ್ಲು ನೋಡಕ್ಕೆ ಬತ್ತಾರಾ, ಊಟ ಮಾಡಕ್ ಬತ್ತಾರೆ," ಎಂದು ಅವರು ಈಗಲೂ ಹೇಳಿಕೊಂಡು ನಗುತ್ತಾರೆ.

ಎಂಟು ಗಂಟೆಯಾಗಿದೆ. ಪ್ರೇಮಾ, ರಾಜಣ್ಣ ಕೆಳಗೆ ಬೆಂಚಿನ ಮೇಲೆ ಕೂತಿದ್ದಾರೆ. ರಾಜಣ್ಣ ಬೆಳಿಗ್ಗೆ ಎದ್ದವರು ಹಲ್ಲುಪುಡಿಯನ್ನೂ ಮುಟ್ಟದೆ ಉಪ್ಪಿನಲ್ಲಿ ಹಲ್ಲುಜ್ಜಿ ಬಂದಿದ್ದಾರಂತೆ. ಯಾರೂ ಅದನ್ನು ಕೇಳಿರಲಿಲ್ಲ. ಮೇಲೆ ಬಸವಕುಮಾರ್ ಪೆಟ್ಟಿಗೆಯ ಬಾಗಿಲು ತೆಗೆದು ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗುತ್ತಾರೆ. ಚಿಕ್ಕಮಾದಮ್ಮ ಗೋಡೆಗೆ ಒರಗಿ ನಿಂತಿದ್ದಾರೆ. ಅವರಿಗೆ ಬಸವಕುಮಾರ್ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಬಹಳ ಹೊತ್ತು ಅಲ್ಲಾಡುವುದಿಲ್ಲ.

"ಎರಡು," ಎನ್ನುತ್ತಾರೆ ಬಸವಕುಮಾರ್. ಆಮೇಲೆ ತಲೆಯೆತ್ತಿ, "ಎರಡು ಚೆನ್ನಾಗಿವೆ ಮಾದಮ್ಮ. ಒಂದಂತೂ ಪಾಠದ ಪುಸ್ತಕದಲ್ಲಿರೋ ಹಾಗಿದೆ. ಬಂದು ನೋಡಿ," ಎಂದು ಪಕ್ಕಕ್ಕೆ ಸರಿಯುತ್ತಾರೆ.

ಚಿಕ್ಕಮಾದಮ್ಮ ಕದಲುವುದಿಲ್ಲ. "ಬ್ಯಾಡಿ ಸಾ. ಮೊದ್ಲು ಅವ್ವ ನೋಡ್ಲಿ," ಎನ್ನುತ್ತಾರೆ. ಎಂದವರು ಅಲ್ಲೇ ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅಳುತ್ತಾರೆ. ಲ್ಯಾಬಿನಲ್ಲಿ ಅಳಬಾರದೆಂದು ಯಾವ ನಿಯಮವೂ ಇಲ್ಲ ಎಂದುಕೊಂಡು ಬಸವಕುಮಾರ್ ತಟ್ಟೆಯನ್ನು ಮತ್ತೆ ಪೆಟ್ಟಿಗೆಯೊಳಗೆ ಇಡುತ್ತಾರೆ.

ಆ ಬೆಳಗಿಗೆ ಈಗ ಆರು ತಿಂಗಳು. ಪಾಠದ ಪುಸ್ತಕದ ಹಾಗಿದ್ದ ಆ ಒಂದು ಪ್ರೇಮಾರ ಗರ್ಭದಲ್ಲಿ ನಿಂತಿದೆ, ಬೆಳೆಯುತ್ತಿದೆ. ಭ್ರೂಣ ದಾಟಿಸಿದ ಹನ್ನೆರಡನೇ ದಿನದ ರಕ್ತಪರೀಕ್ಷೆಯ ಫಲ ಬಂದಾಗ ಡಾ. ಯಶೋದ ಫೋನು ಮಾಡಿ ಹೇಳುವ ಕೆಲಸವನ್ನು ಚಿಕ್ಕಮಾದಮ್ಮನಿಗೇ ಕೊಡಲು ನೋಡಿದರು. ಅವರು ಫೋನು ಹಿಡಿಯಲಿಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಇಲ್ಲಿಂದ ಎಷ್ಟು ಮಕ್ಕಳಾಗಿವೆ ಎಂದರೆ ಕೇಂದ್ರದ ಕಡತ ಇನ್ನೂರ ಹದಿನಾಲ್ಕು ಎನ್ನುತ್ತದೆ. ಚಿಕ್ಕಮಾದಮ್ಮ ಅದರಲ್ಲಿ ಒಂದನ್ನೂ ಎತ್ತಿಕೊಂಡವರಲ್ಲ. ಗರ್ಭ ನಿಂತವರು ಆಮೇಲೆ ತಮ್ಮ ತಮ್ಮ ಊರಿನ ಡಾಕ್ಟರ ಹತ್ತಿರ ಹೋಗುತ್ತಾರೆ, ತಾರಸಿಯ ಮೇಲೆ ಗಾಳಿ ಮೂಸುವ ಹೆಂಗಸೊಬ್ಬಳು ಇದ್ದಾಳೆಂದು ಹೆಚ್ಚಿನವರಿಗೆ ಗೊತ್ತೂ ಇಲ್ಲ. ಅದರ ಬಗ್ಗೆ ಚಿಕ್ಕಮಾದಮ್ಮನಿಗೆ ಬೇಸರವೂ ಇಲ್ಲ. "ಚಾಕಿ ಮನೇಲೂ ಅಂಗೇಯ. ಉಳ ಗೂಡು ಕಟ್ಟೋದು ನಾವ್ ನೋಡಕಿಲ್ಲ. ರೈತ್ರು ಬಂದು ತಕಂಡೋಯ್ತಾರೆ."

ಪ್ರೇಮಾ ಮಾತ್ರ ತಪಾಸಣೆಗೆ ಇಲ್ಲಿಗೇ ಬರುತ್ತಾರೆ. ಕಳೆದ ವಾರ ಬಂದವರು ಚಿಕ್ಕಮಾದಮ್ಮನನ್ನು ಕೆಳಗೆ ಕರೆಸಿದರು. ಈ ಶುಕ್ರವಾರ ಬಂಡಳ್ಳಿಯಲ್ಲಿ ಸೀಮಂತ. ಬಸುರಿಯ ಮಡಿಲಿಗೆ ಮೊದಲ ಅಕ್ಕಿ ಹುಯ್ಯುವವರು ಹೆತ್ತ ತಾಯಿ. ಪ್ರೇಮಾಗೆ ತಾಯಿ ಇಲ್ಲ. ಅತ್ತೆ ಇದ್ದಾರೆ, ಚಿಕ್ಕಮ್ಮಂದಿರಿದ್ದಾರೆ, ಊರು ತುಂಬ ಮುತ್ತೈದೆಯರಿದ್ದಾರೆ. ಮೊದಲ ಮಡಿಲಕ್ಕಿ ನೀವೇ ಹುಯ್ಯಬೇಕು ಎಂದು ಪ್ರೇಮಾ ಚಿಕ್ಕಮಾದಮ್ಮನ ಕೈ ಹಿಡಿದುಕೊಂಡರು.

"ನನ್ ಕೈಲಾ, ಕೂಸು?" ಎಂದು ಚಿಕ್ಕಮಾದಮ್ಮ ಕೈ ಬಿಡಿಸಿಕೊಳ್ಳಲು ನೋಡಿದರು. "ಆ ಏಳ ಮರ್ತ್‌ಬುಟ್ಟಾ? ಇಂಥ ಕೈಲಿ ಮಡ್ಲು ತುಂಬುಸ್ಕತಾರಾ?"

"ಮರ್ತಿಲ್ಲಕ್ಕ," ಎಂದರು ಪ್ರೇಮಾ. ಕೈ ಬಿಡಲಿಲ್ಲ. "ಅವುನ್ನ ನೆನೆಯೋರು ಈ ಲೋಕ್ದಲ್ಲಿ ನಾವಿಬ್ರೇಯ. ಇದು ನನ್ನೊಟ್ಟೆಗೆ ಬರೋಕ್ ಮುಂಚೆ ನಿಮ್ತಾವ್ ಇತ್ತಲ್ಲಕ್ಕ. ಇನ್ಯಾರ ಕರೀಲಿ ನಾನು?"

ಒಂಬತ್ತು ವರ್ಷದಲ್ಲಿ ಮೊದಲ ಸಲ ಚಿಕ್ಕಮಾದಮ್ಮ ಸಂತೋಷಕ್ಕೆಂದು ಒಂದು ದಿನದ ರಜೆ ಕೇಳಿದ್ದಾರೆ. ಅವತ್ತು ಪೆಟ್ಟಿಗೆ ಖಾಲಿ ಇರುವಂತೆ ಬಸವಕುಮಾರ್ ದಿನ ಹೊಂದಿಸಿದ್ದಾರೆ. ಮಾರಯ್ಯನವರು ಬಂಡಳ್ಳಿಗೆ ಯಾವ ಬಸ್ಸು ಎಂದು ಎರಡು ದಿನದಿಂದ ವಿಚಾರಿಸುತ್ತಿದ್ದಾರೆ. ಮೂರು ಸೇರು ಅಕ್ಕಿಯನ್ನು ಮೊರದಲ್ಲಿ ಹರಡಿಕೊಂಡು, ಒಂದು ನೆಲ್ಲೂ ಇರದ ಹಾಗೆ ಆರಿಸುತ್ತಾ ಕೂತಿರುವ ಚಿಕ್ಕಮಾದಮ್ಮನನ್ನು, ಅಲ್ಲಿ ನೆಂಟರೆಲ್ಲ ನೀವು ಯಾರೆಂದು ಕೇಳಿದರೆ ಏನು ಹೇಳುತ್ತೀರಿ ಎಂದು ಕೇಳಿದರೆ, ಅವರ ಕೈ ಮೊರದ ಮೇಲೆ ಒಂದು ಗಳಿಗೆ ನಿಲ್ಲುತ್ತದೆ.

"ಮಗೀನ ಐದು ದಿನ ನೋಡ್ಕಂಡಿದ್ದೆ ಅಂತೀನಿ ಕಣ್ರಿ. ಐದೇ ದಿನ," ಎನ್ನುತ್ತಾರೆ. ಮತ್ತೆ ಅಕ್ಕಿಗೆ ಕೈ ಹಾಕಿ, ತಲೆ ಎತ್ತದೆ, ಮೆಲ್ಲಗೆ ಸೇರಿಸುತ್ತಾರೆ: "ಆದ್ರೂವೆ, ಮೊದಲ್ನೇ ಐದು ದಿನ."